ಮುಚ್ಚಿದ ಗಣಿಗಳ ಕೆಳಗಿನ ಜಮೀನು: ಭಾರಲೋಹ ಮಾಲಿನ್ಯದ ನಿರ್ವಹಣೆ

ಗಣಿಯ ಕೆಲಸ ನಿಂತ ಮೇಲೂ ಅದು ಹೊರಹಾಕಿದ ರಾಶಿ ಉಳಿಯುತ್ತದೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅದಿರನ್ನು ಅರೆದು ಚಿನ್ನ ತೆಗೆದ ನಂತರ ಉಳಿದ ನುಣುಪು ಪುಡಿ ಅಲ್ಲಿ 13 ದಿಬ್ಬಗಳಾಗಿ ನಿಂತಿದೆ. ಅದರ ತೂಕ ಸುಮಾರು 3.3 ಕೋಟಿ ಟನ್. ಜನ ಅವನ್ನು ಸೈನೈಡ್ ಗುಡ್ಡಗಳೆಂದು ಕರೆಯುತ್ತಾರೆ. ಸೈನೈಡ್ ಬಿಸಿಲು, ಗಾಳಿಗೆ ಬಹುಮಟ್ಟಿಗೆ ಕರಗಿಹೋಗುವ ವಸ್ತು; ಅದಿರಿನೊಡನೆ ಬಂದ ಲೋಹಗಳಿಗೆ ಆ ಗುಣವಿಲ್ಲ. ಅವು ಬೇಸಿಗೆಯಲ್ಲಿ ಧೂಳಾಗಿಯೂ ಮಳೆಗಾಲದಲ್ಲಿ ಹೂಳಾಗಿಯೂ ಕೆಳಗಿನ ಹೊಲ, ಕೆರೆಗಳಿಗೆ ಇಳಿಯುತ್ತವೆ. ಗಣಿ ಮುಚ್ಚುವ ಯೋಜನೆಯನ್ನು ಕಡ್ಡಾಯಗೊಳಿಸಿದ ನಿಯಮ ಬಂದದ್ದು 2003ರಲ್ಲಿ, ಅಂದರೆ ಈ ಗಣಿ ಮುಚ್ಚಿ ಎರಡು ವರ್ಷಗಳಾದ ಮೇಲೆ.

ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ತೊಂದರೆ ಕಂಡದ್ದು ಕುಡಿಯುವ ನೀರಿನಲ್ಲಿ. ಮಂಗಳೂರು ಗ್ರಾಮದ ಮುಚ್ಚಿದ ಚಿನ್ನದ ಗಣಿಗೆ ಸಮೀಪವಿರುವ ಈ ಊರಿನ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಪತ್ತೆಯಾಯಿತು. ಜನರ ಚರ್ಮದ ಮೇಲೂ ಅದರ ಗುರುತುಗಳು ಕಂಡವು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಅದು ತಿಳಿಯದು.

ರೈತರು ಗಮನಿಸಬೇಕಾದ ಮೊದಲ ಸಂಗತಿ ಇದು: ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಇವೆ, ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಇಲ್ಲ. ಚೀಟಿ ಚೆನ್ನಾಗಿದೆಯೆಂದ ಮಾತ್ರಕ್ಕೆ ಹೊಲ ಸುರಕ್ಷಿತವೆನ್ನುವಂತಿಲ್ಲ. ಈ ಲೋಹಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು.

ಲೋಹ ಯಾವುದೆಂದು ತಿಳಿಯದೆ ಉಪಚಾರಕ್ಕೆ ಕೈಹಾಕಬಾರದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುತ್ತದೆ. ಸುಣ್ಣ ಹಾಕಿ ರಸಸಾರವನ್ನು 6.5ರ ಆಸುಪಾಸಿಗೆ ತಂದರೆ ಕ್ಯಾಡ್ಮಿಯಂ, ಸೀಸ, ಸತುಗಳು ಮಣ್ಣಿಗೆ ಅಂಟಿಕೊಂಡು ಬೆಳೆಗೆ ಸಿಗುವುದು ಕಡಿಮೆಯಾಗುತ್ತದೆ. ಆದರೆ ಸುಣ್ಣ ಹೆಚ್ಚಾದರೆ ಆರ್ಸೆನಿಕ್ ಸಡಿಲಗೊಳ್ಳುತ್ತದೆ. ರಂಜಕ ಸೀಸವನ್ನು ಕಟ್ಟಿಹಾಕುತ್ತದೆ, ಆರ್ಸೆನಿಕ್ಕನ್ನು ಮಣ್ಣಿನಿಂದ ಬಿಡಿಸುತ್ತದೆ. ಭತ್ತದ ಗದ್ದೆಯಲ್ಲಂತೂ ಇದು ಇನ್ನೂ ಸೂಕ್ಷ್ಮ. ತೆನೆ ಹೊರಬರುವ ಮೊದಲಿನ ಹಾಗೂ ನಂತರದ ಮೂರು ವಾರ ನೀರು ನಿಲ್ಲಿಸಿದರೆ ಕಾಳಿನಲ್ಲಿ ಕ್ಯಾಡ್ಮಿಯಂ ತಗ್ಗುತ್ತದೆ. ಆರ್ಸೆನಿಕ್ ಇರುವ ಗದ್ದೆಯಲ್ಲಿ ಹಾಗೆ ಮಾಡಿದರೆ ಅದು ಕಾಳಿಗೆ ಏರುತ್ತದೆ. ಅಲ್ಲಿ ನೀರು ಕಟ್ಟಿ ಒಣಗಿಸಿ ಮತ್ತೆ ಕಟ್ಟುವ ಕ್ರಮವೇ ಸರಿ.

ಜಡೆ, ಸೊರಬ, ಶಿಕಾರಿಪುರದ ಕಡೆಯ ರೈತರಿಗೂ ಇದು ದೂರದ ಮಾತಲ್ಲ. ನಮ್ಮ ಜಿಲ್ಲೆಯ ಕುಂಸಿಯಲ್ಲಿ ಹಿಂದೆ ಮ್ಯಾಂಗನೀಸ್ ಗಣಿಗಾರಿಕೆ ನಡೆದಿತ್ತು. ಮಲೆನಾಡಿನ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ನೀರು ನಿಂತಾಗ ಮ್ಯಾಂಗನೀಸ್, ಕಬ್ಬಿಣ ಹೆಚ್ಚಾಗಿ ಕರಗುತ್ತವೆ. ಬಸಿಗಾಲುವೆ ಹಾಗೂ ಪರೀಕ್ಷೆಯ ಅಳತೆಯಂತೆ ಹಾಕಿದ ಸುಣ್ಣ ಇದಕ್ಕೆ ಪರಿಹಾರ.

ಇನ್ನು ಕೆರೆ ಹೂಳು. ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ಒಳ್ಳೆಯ ಪದ್ಧತಿ. ಆದರೆ ಗಣಿ ದಿಬ್ಬದ ನೀರು ಹರಿದು ಸೇರುವ ಕೆರೆಯಲ್ಲಿ ಲೋಹಗಳು ಬಂದು ನೆಲೆಸುವುದೂ ಆ ಹೂಳಿನಲ್ಲಿಯೇ. ಒಮ್ಮೆ ಹೊಲಕ್ಕೆ ಹರಡಿದ್ದನ್ನು ಮರಳಿ ಬಾಚುವುದು ಅಸಾಧ್ಯ. ಅಂಥ ಕೆರೆಯ ಹೂಳನ್ನು ಪರೀಕ್ಷಿಸದೆ ಒಂದು ಗಾಡಿಯನ್ನೂ ಹೊರಬೇಡಿ. ದಿಬ್ಬದ ಪುಡಿಯನ್ನು ಮರಳಿನಂತೆ ಮನೆ ಕಟ್ಟಲು ಒಯ್ಯುವುದೂ ತಪ್ಪು.

ದಿಬ್ಬವನ್ನು ಅಲ್ಲಿಯೇ ಹಿಡಿದಿಡುವುದು ಎಲ್ಲಕ್ಕಿಂತ ಅಗ್ಗದ ಶುದ್ಧೀಕರಣ. ಮೇಲೆ ಒಳ್ಳೆಯ ಮಣ್ಣಿನ ಹೊದಿಕೆ, ಬುಡದಲ್ಲಿ ಹೂಳು ತಡೆಯುವ ಒಡ್ಡು, ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಸಾಲು ಬೇಕು. ಲಾವಂಚ ಲೋಹಗಳನ್ನು ಬಹುಪಾಲು ಬೇರಿನಲ್ಲಿಯೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ಅಲ್ಲಿಯ ಬೇರನ್ನು ಔಷಧಿಗೆ ಅಥವಾ ನೀರಿನ ಮಡಕೆಗೆ ಕೀಳಬಾರದು. ಟೆರಿಸ್ ವಿಟೇಟಾ ಎಂಬ ಜರಿಗಿಡ ಆರ್ಸೆನಿಕ್ಕನ್ನು ಎಲೆಗೆ ಎಳೆದುಕೊಳ್ಳುತ್ತದೆಂದು 2001ರಲ್ಲಿ ಗೊತ್ತಾಯಿತು. ಅದರಿಂದ ಮಣ್ಣು ಶುದ್ಧವಾಗಲು ಹಲವು ವರ್ಷ ಬೇಕು; ಕೊಯ್ದ ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕಿದರೆ ವಿಷ ಮರಳಿ ಹೊಲಕ್ಕೇ ಬರುತ್ತದೆ.

ಸಂಶಯವಿರುವ ಜಮೀನಿನಲ್ಲಿ ಪಾಲಕ್, ದಂಟು ಮೊದಲಾದ ಸೊಪ್ಪು ಬೆಳೆಯದಿರುವುದು ಒಳಿತು. ಕ್ಯಾಡ್ಮಿಯಂ ಕಾಳು, ಕಾಯಿಗಳಿಗಿಂತ ಸೊಪ್ಪಿನಲ್ಲಿ ಹೆಚ್ಚು ಸೇರುತ್ತದೆ. ಮಾಲಿನ್ಯ ತೀವ್ರವಾಗಿದ್ದರೆ ಬಿದಿರು, ಹೊಂಗೆ ಸೂಕ್ತ. ಗಣಿಬಾಧಿತ ಗ್ರಾಮಗಳ ನೀರು ಮತ್ತು ಪರಿಸರ ಕೆಲಸಗಳಿಗೆ 2015ರ ಕಾಯ್ದೆ ತಿದ್ದುಪಡಿಯಿಂದ ರೂಪುಗೊಂಡ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಹಣವಿರುತ್ತದೆ. ವಿಸ್ತರಣಾ ಕಾರ್ಯಕರ್ತರು ಪರೀಕ್ಷಾ ವರದಿಗಳನ್ನು ಸರ್ವೆ ನಂಬರಿನೊಡನೆ ಲಗತ್ತಿಸಿ, ಗ್ರಾಮ ಪಂಚಾಯಿತಿಯ ಮೂಲಕ ಬೇಡಿಕೆ ಸಲ್ಲಿಸಲು ರೈತರಿಗೆ ನೆರವಾಗಬೇಕು.