ಬಯಲಿನಿಂದ ತಂದ ಕಲ್ಲು

ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆಯೆಂದು ಹೆಸರಾದ ಕಟ್ಟಡವಿದೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಅದರ ಅಂಗಳದಲ್ಲಿರುವ ಹಳೆಯ ಶಿಲ್ಪಗಳ ಮುಂದೆ ನಿಂತಾಗಲೆಲ್ಲ ನನ್ನ ಮನಸ್ಸಿಗೆ ಚುಚ್ಚಿದಂತಾಗುತ್ತದೆ. ಕಾರಣವನ್ನು ವಾಚಕರಿಂದ ಮುಚ್ಚಿಡಲಾರೆ.

ಕಾಲೇಜಿನ ದಿನಗಳಲ್ಲಿ ಗೆಳೆಯರೊಡನೆ ಭದ್ರಾವತಿಯ ಕಡೆ ತಿರುಗಾಡುತ್ತಿದ್ದಾಗ, ಬಿದ್ದ ಗುಡಿಯೊಂದರ ಬಳಿ ಗೇಣುದ್ದದ ನಾಗರಕಲ್ಲೊಂದು ಕಣ್ಣಿಗೆ ಬಿತ್ತು. ಕೇಳುವವರಿಲ್ಲವೆಂದು ಚೀಲಕ್ಕೆ ಹಾಕಿಕೊಂಡು ಬಂದೆ. ಬಹುಕಾಲ ಅದು ನನ್ನ ಮೇಜಿಗೆ ಅಲಂಕಾರವಾಗಿತ್ತು. ಮೊನ್ನೆ ಮೊಮ್ಮಗಳು, "ಅಜ್ಜ, ಇದು ಯಾವ ಊರಿನದು?" ಎಂದು ಕೇಳಿದಳು. ಊರಿನ ಹೆಸರು ನನಗೆ ಮರೆತೇಹೋಗಿತ್ತು!

ಬಿ. ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎರಡು ಸಂಪುಟಗಳಾಗಿ ಹೊರತಂದರು. ಪ್ರತಿ ಶಾಸನಕ್ಕೂ ಅದು ಸಿಕ್ಕ ಊರನ್ನೂ ಜಾಗವನ್ನೂ ಬರೆದಿಟ್ಟರು. ಅದರಿಂದಲೇ ಇಂದಿಗೂ ಆ ಪುಸ್ತಕ ಹಿಡಿದು ಕಲ್ಲನ್ನು ಹುಡುಕಿಕೊಂಡು ಹೋಗಬಹುದು. ನನ್ನ ಕಲ್ಲಿಗೆ ಆ ಭಾಗ್ಯವಿಲ್ಲ.

1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಕೆಳದಿಯ ವಸ್ತುಸಂಗ್ರಹಾಲಯವೂ ಅದರ ಆಶ್ರಯಕ್ಕೆ ಬಂದಿತು. ಕೆಳದಿ ಗುಂಡಾ ಜೋಯಿಸರು ಓಲೆಗರಿ, ಕಡತ, ನಾಣ್ಯಗಳನ್ನು ಕೂಡಿಸಿ ಕಟ್ಟಿ ಬೆಳೆಸಿದ ಸಂಗ್ರಹವದು. ಹೀಗೆ ಒಬ್ಬರ ಬಾಳಿನ ದುಡಿಮೆಯನ್ನು ಕೈಗೆತ್ತಿಕೊಂಡ ವಿದ್ಯಾಸಂಸ್ಥೆಯ ಹೊಣೆ ಬೀಗ ಹಾಕಿ ಕಾಯುವುದರಿಂದ ಮುಗಿಯುವುದಿಲ್ಲ. ವಸ್ತು ಯಾರ ಮನೆಯದು, ಕೊಟ್ಟವರಿಗೆ ಕೊಡುವ ಹಕ್ಕಿತ್ತೆ, ಮನಸಾರೆ ಕೊಟ್ಟರೆ ಎಂಬುದೂ ವಸ್ತುವಿನ ಜೊತೆಗೇ ದಾಖಲೆಯಾಗಬೇಕು. ವಿದ್ಯಾರ್ಥಿಗೆ ವಸ್ತುವಿನಷ್ಟೇ ಆ ದಾಖಲೆಯೂ ಪಾಠವಲ್ಲವೆ?

ಕಳ್ಳಸಾಗಣೆಯನ್ನು ತಡೆಯಲು ಯುನೆಸ್ಕೋ 1970ರಲ್ಲಿ ಒಪ್ಪಂದವೊಂದನ್ನು ಮಾಡಿತು. ನಮ್ಮ ದೇಶದಲ್ಲಿ 1972ರ ಪುರಾತನ ವಸ್ತುಗಳ ಕಾಯಿದೆ ಬಂತು. ನೂರು ವರ್ಷ ದಾಟಿದ ಶಿಲ್ಪ ಪುರಾತನ ವಸ್ತುವೆನಿಸುತ್ತದೆ. ಸರ್ಕಾರದ ಅಪ್ಪಣೆಯಿಲ್ಲದೆ ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಕಾಯಿದೆಗೆ ಹೆದರುವವರು ವ್ಯಾಪಾರಿಗಳು. ನನ್ನಂಥ ಕಲಾಪ್ರೇಮಿಗಳು ‘ಕಾಪಾಡಿದೆ’ ಎಂದುಕೊಂಡೇ ಕದಿಯುತ್ತೇವೆ. ಗುಡಿ ಬಿದ್ದಿದ್ದರೂ ಆ ನಾಗನಿಗೆ ವರ್ಷಕ್ಕೊಮ್ಮೆ ಹಾಲೆರೆಯುವ ಮನೆಯೊಂದು ಅಲ್ಲಿ ಇದ್ದಿರಬಹುದೆಂದು ನನಗೆ ಆಗ ಹೊಳೆಯಲಿಲ್ಲ.

ನೆನಪಿದ್ದಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಕಲ್ಲಿನೊಡನೆ ಸರ್ಕಾರಕ್ಕೆ ಒಪ್ಪಿಸಲು ನಿಶ್ಚಯಿಸಿದ್ದೇನೆ. ಊರಿನ ಹೆಸರು ಬರೆಯಬೇಕಾದ ಜಾಗ ಮಾತ್ರ ಖಾಲಿ ಉಳಿದಿದೆ.