ಖಾಲಿ ತೋಟಾದ ಕತೆ

ಹಳೇ ಕೋವಿಗಳ ಬಗ್ಗೆ ಓದೋದು ನನಗೊಂದು ಚಟ. (ಓದೋದು ಮಾತ್ರ, ಹೆದರಬೇಡಿ!) ಹಾಗೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಂಡಲ್ಲ, ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೇಸು. ಅಮೆರಿಕದ ಹವ್ಯಾಸಿಗಳು ಅದನ್ನು ಎಸೆಯೋದಿಲ್ಲ. ಹೊಸ ಕೇಪು, ಮದ್ದು, ಗುಂಡು ತುಂಬಿ ಮತ್ತೆ ಬಳಸ್ತಾರೆ. ತೊಡಕು ಏನಪ್ಪಾ ಅಂದ್ರೆ, ಮದ್ದು ಉರಿದಾಗ ಕೇಸು ಉಬ್ಬಿ ಚೇಂಬರಿನ ಆಕಾರ ತಾಳಿಬಿಡುತ್ತೆ. ಗುಂಡನ್ನು ಮತ್ತೆ ಬಿಗಿಯಾಗಿ ಹಿಡಿಯಬೇಕಾದರೆ ಅದನ್ನು ಕುಗ್ಗಿಸಬೇಕು. ಬರೀ ಕತ್ತನ್ನೋ, ಇಡೀ ಮೈಯನ್ನೋ?

ಹ್ಯಾರಿ ಪೋಪ್ ಎಂಬ ನಳಿಗೆ ತಯಾರಕನ ಕಾಲದ ಗುರಿಕಾರರಿಗೆ ಈ ಚಿಂತೆಯೇ ಇರಲಿಲ್ಲ. ಗುಂಡನ್ನು ನಳಿಗೆಯ ಬಾಯಿಯಿಂದ ತಳ್ಳಿ, ಹಿಂದಿನಿಂದ ಮದ್ದು ತುಂಬಿದ ಕೇಸು ಇಡುತ್ತಿದ್ದರು. ಕೇಸು ಗುಂಡನ್ನು ಹಿಡಿಯಬೇಕಾಗೇ ಇರಲಿಲ್ಲ. ಒಂದೇ ಕೇಸು ನೂರಾರು ಸಲ! 1884ರಲ್ಲಿ ಜಾನ್ ಬಾರ್ಲೋ ಶುರು ಮಾಡಿದ ಐಡಿಯಲ್ ಕಂಪನಿಯ ಇಕ್ಕಳದಂಥ ಉಪಕರಣದಲ್ಲಿ ಕೈಬಲ ಸಾಲುತ್ತಿದ್ದುದು ಕತ್ತು ಕುಗ್ಗಿಸೋಕೆ ಮಾತ್ರ. ಮುಂದೆ ಗಟ್ಟಿ ಸನ್ನೆಯ ಪ್ರೆಸ್ಸುಗಳು ಬಂದ ಮೇಲೆ ಇಡೀ ಕೇಸನ್ನು ಮನೆಯಲ್ಲೇ ಡೈಗೆ ತುರುಕೋದು ಸಲೀಸಾಯ್ತು. ಬೇಟೆಗಾರನಿಗೆ ಇದೇ ಬೇಕು. ಕತ್ತು ಮಾತ್ರ ಕುಗ್ಗಿಸಿದ ಕೇಸು ಬೇರೆಯವರ ಕೋವಿಗೆ ಹೋಗದೇ ಇರಬಹುದು.

ಹಾಗಾದ್ರೆ ಯಾವಾಗಲೂ ಪೂರ್ತಿ ಕುಗ್ಗಿಸಿದರಾಯ್ತಲ್ಲ? ಇಲ್ಲೇ ಇರೋದು ಅಪಾಯ. ನಮ್ಮ ಪೊಲೀಸರ ಕೈಯಲ್ಲಿ ದಶಕಗಳ ಕಾಲ ಇದ್ದ ತ್ರೀ-ನಾಟ್-ತ್ರೀ ನೆನಪಿದೆಯಲ್ಲ, ಆ ಲೀ-ಎನ್‌ಫೀಲ್ಡ್ ಕೋವಿಯ ಚೇಂಬರು ಸ್ವಲ್ಪ ಧಾರಾಳ. ಕೆಸರು ಮೆತ್ತಿದ ತೋಟಾ ಕೂಡ ಒಳಗೆ ಹೋಗಬೇಕಿತ್ತು. ಸೈನ್ಯಕ್ಕೇನು, ಒಂದು ಸಲ ಹಾರಿದರೆ ಮುಗೀತು. ಮತ್ತೆ ತುಂಬುವವನಿಗೆ ಹಾಗಲ್ಲ. ಪ್ರತಿ ಸಲ ಪೂರ್ತಿ ಕುಗ್ಗಿಸಿದರೆ ಪ್ರತಿ ಸಲ ಕೇಸು ಹಿಗ್ಗಬೇಕು. ಬುಡದ ಹತ್ತಿರ ಗೋಡೆ ತೆಳುವಾಗುತ್ತಾ ಹೋಗಿ ಒಂದು ದಿನ ಎರಡು ತುಂಡು. ಬಿಸಿ ಅನಿಲ ಹಿಂದಕ್ಕೆ ನುಗ್ಗಿದರೆ ಅಲ್ಲಿರೋದು ಮುಖ.

ಹಿತ್ತಾಳೆಯನ್ನು ಬಗ್ಗಿಸಿದಷ್ಟೂ ಅದು ಪೆಡಸಾಗುತ್ತೆ. ಪಾತ್ರೆ ಬಡಿಯುವವರು ನಡುನಡುವೆ ಕಾಯಿಸೋದು ಇದಕ್ಕೇ. ಕೇಸಿನ ಕತ್ತನ್ನೂ ಹೀಗೆ ಕಾಯಿಸ್ತಾರೆ, ಬುಡವನ್ನಲ್ಲ. ಅದು ಗಟ್ಟಿಯಾಗೇ ಇರಬೇಕು. ಒಳಗೆ ಉಳಿದ ಬಿಗಿತ ಏನು ಮಾಡಬಲ್ಲದು ಅನ್ನೋದಕ್ಕೆ ಸಾಕ್ಷಿ ಇಂಡಿಯಾದಲ್ಲೇ ಸಿಕ್ಕಿತ್ತು. 19ನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯದಲ್ಲಿಟ್ಟ ತೋಟಾಗಳು, ಯಾರೂ ಮುಟ್ಟದಿದ್ದರೂ, ಬಿರುಕು ಬಿಟ್ಟವು. ಕುದುರೆ ಗಂಜಲದ ಅಮೋನಿಯಾ, ಜೊತೆಗೆ ಎಳೆದು ತಯಾರಿಸಿದ ಹಿತ್ತಾಳೆಯ ಒಳಬಿಗಿತ! ಇದು ಬಿಡಿಸಿದ್ದು 1921ರಲ್ಲಿ.

ಮೊದಲು ಕತ್ತನ್ನಷ್ಟೇ ನಂಬುತ್ತಿದ್ದ ಗುರಿಪಂದ್ಯದವರಲ್ಲೂ ಈಗ ಬಹಳ ಮಂದಿ ಇಡೀ ಕೇಸನ್ನೇ ಕುಗ್ಗಿಸ್ತಾರೆ. ಕತ್ತಷ್ಟೇ ಕುಗ್ಗಿಸಿದ ಕೇಸು ನಾಲ್ಕಾರು ಸಲಕ್ಕೆ ಬಿಗಿದು ಬೋಲ್ಟು ಅಲ್ಲಾಡಿಸೋದೇ ಕಷ್ಟವಾಗುತ್ತೆ. ಆದರೆ ಡೈಯನ್ನು ತಮ್ಮದೇ ಚೇಂಬರಿಗೆ ಹೊಂದಿಸಿಕೊಂಡು, ಭುಜವನ್ನು ಇಂಚಿನ ಸಾವಿರದ ಒಂದೆರಡು ಭಾಗದಷ್ಟೇ ಹಿಂದಕ್ಕೆ ತಳ್ಳುತ್ತಾರೆ.