ಹಾವರ್ತ್‌ನ ಪಾದ್ರಿಮನೆ, ಎಮಿಲಿಯ ನಾಯಿಗಳು

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಹಾವರ್ತ್‌ಗೆ ಬರುವ ಪ್ರವಾಸಿಗರಲ್ಲಿ ಅನೇಕರು ಊರಿನೊಳಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಲ್ಲು ಹಾಸಿದ ಕಡಿದಾದ ಪೇಟೆಬೀದಿ ಹತ್ತಿ, ಚರ್ಚು ದಾಟಿ, ಪಶ್ಚಿಮಕ್ಕೆ ಹರಡಿಕೊಂಡ ಬೋಳುಗುಡ್ಡಗಳ ಕಡೆ ಹೊರಟುಬಿಡುತ್ತಾರೆ. ಆ ದಾರಿಯ ಕೈಮರಗಳ ಮೇಲೆ ಜಪಾನಿ ಅಕ್ಷರಗಳೂ ಇವೆ. ಎಲ್ಲರೂ ಹುಡುಕಿಕೊಂಡು ಹೋಗುವುದು ಟಾಪ್ ವಿದೆನ್ಸ್ ಎಂಬ ಪಾಳುಮನೆಯನ್ನು. ‘ವುದರಿಂಗ್ ಹೈಟ್ಸ್’ ಕಾದಂಬರಿಯ ಮನೆ ಇದೇ ಎಂಬ ನಂಬಿಕೆ. ಈ ಕಟ್ಟಡ ಕಾದಂಬರಿಯ ವರ್ಣನೆಗೆ ಹೋಲುವುದಿಲ್ಲ ಎಂದು ಬ್ರಾಂಟೆ ಸೊಸೈಟಿಯವರೇ 1964ರಲ್ಲಿ ಅಲ್ಲಿ ಫಲಕ ಹಾಕಿದ್ದಾರೆ. ಆದರೂ ಜನ ಹೋಗುವುದು ನಿಂತಿಲ್ಲ. ಏಕೆಂದರೆ ಅವರಿಗೆ ಬೇಕಾದದ್ದು ಕಟ್ಟಡವಲ್ಲ, ಗಾಳಿಗೆ ಮುಖ ಕೊಟ್ಟು, ಪಕ್ಕದಲ್ಲೊಂದು ಭಾರಿ ನಾಯಿ ಕಟ್ಟಿಕೊಂಡು ಗುಡ್ಡ ಅಲೆಯುವ ಒಂಟಿ ಹೆಣ್ಣು, ಆ ಕಾದಂಬರಿ ಬರೆದ ಎಮಿಲಿ ಬ್ರಾಂಟೆ. ಈ ಚಿತ್ರದಲ್ಲಿ ನಾಯಿ ಅವಳ ಕಾಡುತನಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಆದರೆ ಅವಳ ನಾಯಿಗಳ ಬಗ್ಗೆ ಉಳಿದಿರುವ ಬರಹ, ಚಿತ್ರ, ಊರವರ ನೆನಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಸಾಕ್ಷಿ ತಿರುಗಿ ಬೀಳುತ್ತದೆ. ಅವು ನಮ್ಮನ್ನು ಕರೆದೊಯ್ಯುವುದು ಗುಡ್ಡಕ್ಕಲ್ಲ, ಪಾದ್ರಿಮನೆಯ ಅಡುಗೆಮನೆಗೆ.

ಮೊದಲು ಊರಿನ ವಿಷಯ. ಹಾವರ್ತ್ ಆಗ ಯಾರೂ ಕಾಲಿಡದ ಕೊಂಪೆಯೇನಾಗಿರಲಿಲ್ಲ. 1841ರ ಜನಗಣತಿಯ ಹೊತ್ತಿಗೆ ಸುತ್ತಿನ ಜನಸಂಖ್ಯೆ ಆರು ಸಾವಿರ ದಾಟಿತ್ತು. ಕಣಿವೆಯ ಹೊಳೆಯುದ್ದಕ್ಕೂ ಉಣ್ಣೆ ಗಿರಣಿಗಳಿದ್ದವು. ಮೇಲೂರಿನ ಮನೆಗಳಲ್ಲಿ ಕೈಮಗ್ಗಗಳು, ಉಣ್ಣೆ ಬಾಚುವವರ ಕೋಣೆಗಳಲ್ಲಿ ಬಾಚಣಿಗೆ ಕಾಯಿಸಲೆಂದು ಸದಾ ಉರಿಯುವ ಒಲೆಗಳು. ಎಮಿಲಿಯ ತಂದೆ ಪ್ಯಾಟ್ರಿಕ್ ಬ್ರಾಂಟೆ ಊರಿನ ಪಾದ್ರಿ. ಕುಡಿಯುವ ನೀರು, ಚರಂಡಿ ಸರಿಪಡಿಸಿ ಎಂದು ಅವರು ಮನವಿ ಬರೆದ ಮೇಲೆ 1850ರಲ್ಲಿ ಸರ್ಕಾರ ಬೆಂಜಮಿನ್ ಬ್ಯಾಬೇಜ್ ಎಂಬ ಇನ್‌ಸ್ಪೆಕ್ಟರನ್ನು ಕಳಿಸಿತು. ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜನ ಮಗ ಈತ. ಇಡೀ ಊರಿಗೆ 69 ಕಕ್ಕಸು, ಸಾಯುವವರ ಸರಾಸರಿ ವಯಸ್ಸು 25.8, ನೂರಕ್ಕೆ 41.6 ಮಂದಿ ಆರು ತುಂಬುವ ಮೊದಲೇ ಸಾಯುತ್ತಾರೆ ಎಂದು ಅವನ ವರದಿ ಹೇಳಿತು. ಮೂವತ್ತಕ್ಕೆ ಕ್ಷಯದಿಂದ ತೀರಿಕೊಂಡ ಎಮಿಲಿ ಊರಿನ ಲೆಕ್ಕದಲ್ಲಿ ಅಲ್ಪಾಯುಷಿಯೇ ಅಲ್ಲ. ಪಾದ್ರಿಮನೆಯ ಮುಂದೆಯೇ ಆ ಹೆಣಗಳನ್ನೆಲ್ಲ ನುಂಗಿದ ಸ್ಮಶಾನ. ಮನೆಯ ಹಿಂದೆ ಗುಡ್ಡ, ಮುಂದೆ ಊರು. ಕಥೆ ಹೇಳುವವರು ಹಿತ್ತಿಲನ್ನೇ ಹೆಬ್ಬಾಗಿಲು ಮಾಡಿಬಿಟ್ಟಿದ್ದಾರೆ.

ಎಮಿಲಿ ಹುಟ್ಟಿದ್ದು 1818ರಲ್ಲಿ, ಹತ್ತಿರದ ಥಾರ್ನ್‌ಟನ್ನಿನಲ್ಲಿ. ಎರಡು ತುಂಬುವ ಮೊದಲೇ ಹಾವರ್ತ್‌ಗೆ ಬಂದಳು. ತಾಯಿ 1821ರಲ್ಲಿ ಹೋದರು. 1825ರಲ್ಲಿ, ವಸತಿಶಾಲೆಯಿಂದ ಕಾಯಿಲೆ ಹೊತ್ತು ಬಂದ ಇಬ್ಬರು ಅಕ್ಕಂದಿರೂ ಹೋದರು. ಮುಂದೆ ಅವಳು ಹೆಚ್ಚು ಕಾಲ ಮನೆ ಬಿಟ್ಟದ್ದು ಮೂರೇ ಸಲ: ರೋ ಹೆಡ್ ಶಾಲೆಗೆ ಕೆಲವು ತಿಂಗಳು, ಲಾ ಹಿಲ್ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ಸ್ವಲ್ಪ ಕಾಲ, 1842ರಲ್ಲಿ ಬ್ರಸೆಲ್ಸ್‌ಗೆ. ಪ್ರತಿಸಲವೂ ಹಂಬಲಿಸಿ ಹಿಂತಿರುಗಿದಳು. ಲಾ ಹಿಲ್‌ನಲ್ಲಿ, ನಿಮ್ಮೆಲ್ಲರಿಗಿಂತ ಈ ಮನೆಯ ನಾಯಿಯೇ ನನಗೆ ಇಷ್ಟ ಎಂದು ವಿದ್ಯಾರ್ಥಿನಿಯರ ಮುಖಕ್ಕೇ ಹೇಳಿದಳೆಂಬ ನೆನಪನ್ನು ಅಲ್ಲಿ ಓದಿದವರು ಉಳಿಸಿದ್ದಾರೆ. ಇದನ್ನು ಮನುಷ್ಯದ್ವೇಷ ಎಂದು ಓದುವುದು ರೂಢಿ. ಮನೆ ಬಿಟ್ಟಿರಲಾರದ ಇಪ್ಪತ್ತರ ಹುಡುಗಿ, ಪರಸ್ಥಳದಲ್ಲಿ ತನ್ನ ಮನೆಯದ್ದರಂತೆ ಕಂಡ ಒಂದೇ ಜೀವಕ್ಕೆ ಅಂಟಿಕೊಂಡಳು ಎಂದು ಓದುವುದಕ್ಕೂ ಅಡ್ಡಿಯಿಲ್ಲ. ಮನೆಯವರೆಂದರೆ ಅವಳಿಗೆ ರಕ್ತಸಂಬಂಧಿಗಳಷ್ಟೇ ಅಲ್ಲ. 1836ರ ಚಳಿಗಾಲದಲ್ಲಿ, ಊರಿನವಳೇ ಆದ ಅಡುಗೆಯ ಮುದುಕಿ ಟ್ಯಾಬಿ ಬೀದಿಯ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಾಗ, ಅವಳನ್ನು ಬೇರೆಡೆಗೆ ಕಳಿಸೋಣವೆಂದು ಮಕ್ಕಳ ದೊಡ್ಡಮ್ಮ ಹೊರಟರು. ಮಕ್ಕಳೆಲ್ಲ ಊಟ ಬಿಟ್ಟು ಕೂತರು. ಟ್ಯಾಬಿ ಉಳಿದಳು, ಆರೈಕೆಯನ್ನು ಮಕ್ಕಳೇ ಮಾಡಿದರು.

ಇಂಥ ಮನೆಯಲ್ಲಿ ನಾಯಿಗಳ ಜಾಗ ಎಲ್ಲಿತ್ತು? ಇದಕ್ಕೆ ಎಮಿಲಿಯ ಕೈಬರಹವೇ ಉತ್ತರ. ಅವಳೂ ತಂಗಿ ಆ್ಯನ್‌ಳೂ ಕೆಲವು ವರ್ಷಗಳಿಗೊಮ್ಮೆ ಸಣ್ಣ ಚೀಟಿಗಳಲ್ಲಿ ಮನೆಯ ವರ್ತಮಾನ ಬರೆದಿಡುತ್ತಿದ್ದರು. 1834ರ ಚೀಟಿ ಶುರುವಾಗುವುದೇ ಸಾಕುಪ್ರಾಣಿಗಳಿಗೆ ಉಣಿಸು ಹಾಕಿದ ಸುದ್ದಿಯಿಂದ. ಆಮೇಲೆ ಸೇಬು ಹೆರೆದದ್ದು, ಆಲೂಗಡ್ಡೆ ಸುಲಿಯಲು ಟ್ಯಾಬಿ ಗದರಿದ್ದು, ನಡುವೆಯೇ ಅಕ್ಕತಂಗಿಯರ ಕಲ್ಪನೆಯ ರಾಜ್ಯದ ಸಮಾಚಾರ, ಎಲ್ಲವೂ ಒಂದೇ ಉಸಿರಿನಲ್ಲಿ, ಕಾಗುಣಿತದ ತಪ್ಪುಗಳ ಸಮೇತ. 1841ರ ಚೀಟಿಯಲ್ಲಿ ಮನೆಯ ಯಾರು ಎಲ್ಲಿದ್ದಾರೆಂಬ ಪಟ್ಟಿಯಿದೆ. ಅದರಲ್ಲೇ ಅಡುಗೆಮನೆಯಲ್ಲಿರುವ ಕೀಪರ್ ನಾಯಿ, ಪಂಜರದ ನೀರೋ ಹಕ್ಕಿ, ಕೊಟ್ಟಿಗೆಯ ಎರಡು ಹೆಬ್ಬಾತುಗಳೂ ಸೇರಿವೆ. ಬಳಿಕ ದೂರದಲ್ಲಿರುವ ಒಡಹುಟ್ಟಿದವರ ಕ್ಷೇಮಚಿಂತನೆ. 1845ರ ಚೀಟಿಯಲ್ಲಿ ಅವಳು ತನ್ನ ಕಿರುಕೋಣೆಯ ಚಿತ್ರವನ್ನೇ ಬರೆದಿದ್ದಾಳೆ. ತೊಡೆಯ ಮೇಲೆ ಬರೆಯುವ ಪೆಟ್ಟಿಗೆ, ನೆಲದ ಮೇಲೆ ಕೀಪರ್, ಹಾಸಿಗೆಯ ಮೇಲೆ ಆ್ಯನ್‌ಳ ಪುಟ್ಟ ಸ್ಪೇನಿಯಲ್ ಫ್ಲಾಸಿ. ಗ್ರಾಸ್ಪರ್ ಎಂಬ ಹಳೆಯ ನಾಯಿಯನ್ನು 1834ರಲ್ಲಿ ಪೆನ್ಸಿಲಿನಲ್ಲೂ, ಕೀಪರನನ್ನು 1838ರಲ್ಲಿ ಜಲವರ್ಣದಲ್ಲೂ ಅವಳು ಚಿತ್ರಿಸಿದ್ದಾಳೆ. ಇವನ್ನೆಲ್ಲ ಪ್ರಕಟಣೆಗೆಂದು ಮಾಡಿದ್ದಲ್ಲ, ಆದ್ದರಿಂದಲೇ ನಂಬಬಹುದು. ಒಂಟಿತನ ಬಯಸಿದವಳು ಹಾಜರಿ ತೆಗೆದುಕೊಳ್ಳುತ್ತಾ ಕೂರುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಎಲಿಜಬೆತ್ ಗ್ಯಾಸ್ಕೆಲ್ 1857ರಲ್ಲಿ ಪ್ರಕಟಿಸಿದ, ಎಮಿಲಿಯ ಅಕ್ಕ ಷಾರ್ಲೆಟ್ ಬ್ರಾಂಟೆಯ ಜೀವನಚರಿತ್ರೆಯಲ್ಲಿ ಎಮಿಲಿ ಕೀಪರನನ್ನು ಬರಿಗೈಯಲ್ಲಿ ಗುದ್ದಿ ಮಣಿಸಿದ ಪ್ರಸಂಗವಿದೆ. ಹೊಡೆದು ಹೊಡೆದು ನಾಯಿಯ ಕಣ್ಣು ಬಾತುಕೊಂಡವು, ಆಮೇಲೆ ಅವಳೇ ಅದರ ಮುಖ ತೊಳೆದು ಉಪಚರಿಸಿದಳು. ಇದಕ್ಕಿಂತ ಕಾಡುತನ ಬೇಕೆ ಎಂದು ಕೇಳಬಹುದು. ಗ್ಯಾಸ್ಕೆಲ್ ಎಮಿಲಿಯನ್ನು ಕಣ್ಣಿಂದ ಕಂಡವರಲ್ಲ. ಅವರು ಹಾವರ್ತ್‌ಗೆ ಬಂದದ್ದೇ 1853ರಲ್ಲಿ, ಎಮಿಲಿ ಸತ್ತು ಐದು ವರ್ಷಕ್ಕೆ. ಕಥೆಗೆ ರಂಗು ಹಚ್ಚುವ ಕಾದಂಬರಿಕಾರ್ತಿಯ ಕೈ ಅವರದು. ಇಷ್ಟಕ್ಕೇ ಇದನ್ನು ತಳ್ಳಿಹಾಕುವುದೂ ಸುಲಭದ ದಾರಿ. ನಿಜವೆಂದೇ ಒಪ್ಪೋಣ. ಹೊಡೆತ ಹೊಡೆತವೇ, ಅದಕ್ಕೆ ಸಮರ್ಥನೆ ಬೇಡ. ಆದರೆ ಜಗಳದ ಕಾರಣ ನೋಡಿ: ನಾಯಿ ಪದೇಪದೇ ಮಾಳಿಗೆ ಹತ್ತಿ, ಒಗೆದು ಹಾಸಿದ ಬಿಳಿಯ ಹೊದಿಕೆಯ ಮೇಲೆ ಮಲಗುತ್ತಿತ್ತು, ಟ್ಯಾಬಿ ದೂರು ತಂದಿದ್ದಳು. ಬಟ್ಟೆ ಒಗೆಯುವುದು ದಿನವಿಡೀ ಮೈಮುರಿಯುವ ದುಡಿಮೆಯಾಗಿದ್ದ ಕಾಲವದು. ಅವಳ ಕಾಡುತನಕ್ಕೆ ಎಲ್ಲರೂ ಎತ್ತಿ ತೋರಿಸುವ ಈ ಕಥೆ ಬೇರಿನಲ್ಲಿ ಮನೆವಾರ್ತೆಯ ಕಥೆ.

ಊರವನೊಬ್ಬನ ಸಾಕ್ಷ್ಯ ಇದಕ್ಕಿಂತ ಹತ್ತಿರದ್ದು. ಅಕ್ಕತಂಗಿಯರಿಗೆ ಬರೆಯುವ ಕಾಗದ ಮಾರುತ್ತಿದ್ದ ಅಂಗಡಿಯ ಜಾನ್ ಗ್ರೀನ್‌ವುಡ್ ತನ್ನ ದಿನಚರಿಯಲ್ಲಿ ಬೀದಿಕಾಳಗವೊಂದನ್ನು ದಾಖಲಿಸಿದ್ದಾನೆ. ಕೀಪರನಿಗೂ ಇನ್ನೊಂದು ದೊಡ್ಡ ನಾಯಿಗೂ ಓಣಿಯಲ್ಲಿ ಜಗಳ ಬಿದ್ದು, ಎರಡೂ ಒಂದರ ಗಂಟಲು ಇನ್ನೊಂದು ಕಚ್ಚಿ ಹಿಡಿದಿದ್ದವು. ಸುತ್ತ ಗಂಡಸರು ನಿಂತು ನೋಡುತ್ತಿದ್ದರು. ಸುದ್ದಿ ತಿಳಿದ ಎಮಿಲಿ ಒಂದು ಮಾತೂ ಆಡದೆ ಅಡುಗೆಮನೆಗೆ ಹೋಗಿ ಮೆಣಸಿನಪುಡಿಯ ಡಬ್ಬಿ ತಂದಳು. ಒಂದು ಕೈಯಲ್ಲಿ ಕೀಪರನ ಕುತ್ತಿಗೆ ಬಳಸಿ, ಇನ್ನೊಂದರಲ್ಲಿ ಎರಡರ ಮೂತಿಗೂ ಪುಡಿ ಉದುರಿಸಿ ಬಿಡಿಸಿದಳು. ತನ್ನ ನಾಯಿಯನ್ನು ಮುಂದೆ ಅಟ್ಟಿಕೊಂಡು ಮನೆಗೆ ಹೋದಳು. ಕೈಕಟ್ಟಿ ನಿಂತವರನ್ನು ಗ್ರೀನ್‌ವುಡ್ ಚೆನ್ನಾಗಿ ಚುಚ್ಚಿದ್ದಾನೆ. ದಿಟ್ಟತನದ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ಬಳಸಿದ ಆಯುಧ ಅಡುಗೆಮನೆಯದ್ದು. ಇನ್ನೊಮ್ಮೆ ಬಾಯಾರಿದಂತೆ ಕಂಡ ಬೀದಿನಾಯಿಗೆ ನೀರು ಕೊಡಲು ಹೋಗಿ ಕಚ್ಚಿಸಿಕೊಂಡಾಗಲೂ ಅವಳು ನೇರ ಅಡುಗೆಮನೆಗೆ ಹೋಗಿ ಕಾದ ಕಬ್ಬಿಣದಿಂದ ಗಾಯವನ್ನು ತಾನೇ ಸುಟ್ಟುಕೊಂಡಳೆಂದು ಗ್ಯಾಸ್ಕೆಲ್ ಬರೆಯುತ್ತಾರೆ. ಹುಚ್ಚುನಾಯಿ ಕಡಿತಕ್ಕೆ ಪಾಸ್ಚರನ ಲಸಿಕೆ ಬಂದದ್ದು 1885ರಲ್ಲಿ. ಅಪಾಯ ಕಳೆಯುವವರೆಗೆ ಅವಳು ಮನೆಯವರಿಗೆ ಬಾಯಿ ಬಿಡಲಿಲ್ಲ. ಅವರು ಹೆದರಿಯಾರೆಂಬುದೇ ಕಾರಣ. ಈ ಘಟನೆಯನ್ನು ಷಾರ್ಲೆಟ್ ತನ್ನ ‘ಷರ್ಲಿ’ ಕಾದಂಬರಿಯಲ್ಲಿ ಬಳಸಿಕೊಂಡಳು, ಕೀಪರನೂ ಅಲ್ಲಿ ಟಾರ್ಟರ್ ಎಂಬ ಹೆಸರಿನಲ್ಲಿ ಬರುತ್ತಾನೆ.

ಎಮಿಲಿಯ ಕಾದಂಬರಿಯೇ ನನ್ನ ವಾದಕ್ಕೆ ಎದುರು ನಿಲ್ಲುತ್ತದೆಂದು ಕೆಲವರು ಹೇಳಬಹುದು. 1847ರ ಆ ಪುಸ್ತಕದಲ್ಲಿ ನಾಯಿಗಳು ಅತಿಥಿ ಲಾಕ್‌ವುಡ್‌ನ ಮೇಲೆರಗುತ್ತವೆ, ಹುಡುಗಿ ಕ್ಯಾಥರೀನಳ ಕಾಲು ಕಚ್ಚುತ್ತವೆ. ಕಥಾನಾಯಕ ಹೀತ್‌ಕ್ಲಿಫ್ ತನ್ನ ಹೆಂಡತಿಯಾಗಲಿರುವವಳ ಪುಟ್ಟ ನಾಯಿಯನ್ನೇ ನೇಣಿಗೇರಿಸುತ್ತಾನೆ. ಆದರೆ ಅವು ಎಲ್ಲಿ ಕಚ್ಚುತ್ತವೆ? ಗುಡ್ಡದಲ್ಲಲ್ಲ. ಲಾಕ್‌ವುಡ್‌ನ ಮೇಲೆ ಎರಗುವುದು ಒಲೆಯ ಮುಂದೆ, ಕ್ಯಾಥರೀನಳನ್ನು ಹಿಡಿಯುವುದು ಸಿರಿವಂತರ ಅಂಗಳದಲ್ಲಿ. ಆ ಕಡಿತದಿಂದಾಗಿಯೇ ಅವಳನ್ನು ಒಳಗೆ ಕರೆದುಕೊಳ್ಳುತ್ತಾರೆ, ಐದು ವಾರ ಉಳಿದು ಅವಳು ಬೇರೆಯೇ ಹೆಣ್ಣಾಗಿ ಹೊರಬರುತ್ತಾಳೆ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ತೀರ್ಮಾನವಾಗುವ ಹೊಸ್ತಿಲಲ್ಲಿ ಈ ಕಾದಂಬರಿಯ ನಾಯಿಗಳು ನಿಂತಿವೆ. ಒಂದು ಮನೆ ಕೆಟ್ಟಿದೆಯೆಂದು ಓದುಗನಿಗೆ ಮೊದಲು ತಿಳಿಯುವುದು ಆ ಮನೆಯ ನಾಯಿಗಳಿಂದ. ಮನೆಯನ್ನು ಒಳಗಿನಿಂದ ನಡೆಸಿದವಳಿಗೆ ಮಾತ್ರ ಹೊಳೆಯುವ ವಿವರವಿದು.

ಹೆಚ್ಚು ತೂಕದ ಆಕ್ಷೇಪ ಅಕ್ಕ ಷಾರ್ಲೆಟ್‌ಳದ್ದು. ಎಮಿಲಿ ಸತ್ತ ಎರಡು ವರ್ಷಕ್ಕೆ ಕಾದಂಬರಿಯನ್ನು ಮರುಮುದ್ರಿಸುವಾಗ ಅವಳು ಬರೆದ ಮುನ್ನುಡಿ, ತಂಗಿ ಚರ್ಚಿಗೂ ಗುಡ್ಡದ ತಿರುಗಾಟಕ್ಕೂ ಬಿಟ್ಟರೆ ಹೊಸ್ತಿಲು ದಾಟಿದ್ದು ಅಪರೂಪವೆನ್ನುತ್ತದೆ. ಒಪ್ಪಬೇಕಾದ ಮಾತೇ. ಎಮಿಲಿ ಊರವರೊಡನೆ ಹರಟೆ ಹೊಡೆದವಳಲ್ಲ. ಆದರೆ ಆ ಮುನ್ನುಡಿ ಕಾದಂಬರಿಯನ್ನು ಒರಟೆಂದು ಜರೆದ ವಿಮರ್ಶಕರಿಗೆ ಕೊಟ್ಟ ಸಮಜಾಯಿಷಿಯೂ ಹೌದು. ಗುಡ್ಡಗಾಡಿನ ಹುಡುಗಿ, ಲೋಕ ಕಂಡವಳಲ್ಲ ಎಂದರೆ ಅಪವಾದ ತಗ್ಗುತ್ತದಲ್ಲ! ಅದೇ ಷಾರ್ಲೆಟ್ ತನ್ನ ಪತ್ರಗಳಲ್ಲಿ, ದೊಡ್ಡಮ್ಮ ಬಿಟ್ಟುಹೋದ ಹಣವನ್ನು ರೈಲ್ವೆ ಷೇರುಗಳಲ್ಲಿ ಎಮಿಲಿಯೇ ಜಾಣತನದಿಂದ ನಿಭಾಯಿಸುತ್ತಿದ್ದಾಳೆಂದು ತಿಳಿಸಿದ್ದಾಳೆ. ಷೇರುಪೇಟೆಯ ಸುದ್ದಿ ಓದುತ್ತಾ, ಬ್ರೆಡ್ಡಿನ ಹಿಟ್ಟು ನಾದುತ್ತಾ, ಎದುರಿಗೆ ಜರ್ಮನ್ ಪುಸ್ತಕ ತೆರೆದಿಟ್ಟುಕೊಂಡ ಗೃಹಿಣಿಯನ್ನು ಪ್ರವಾಸಿ ಫಲಕದ ಮೇಲೆ ಬರೆಯುವುದು ಕಷ್ಟ.

ನಾಯಿಪ್ರೀತಿ ಎಮಿಲಿಯೊಬ್ಬಳ ವಿಲಕ್ಷಣ ಗುಣವೆನ್ನುವವರಿಗೆ ಪಾದ್ರಿಮನೆಯ ಮುಂದಿನ ಲೆಕ್ಕವನ್ನೂ ತೋರಿಸಬೇಕು. ಅವಳು ತೀರಿಕೊಂಡದ್ದು 1848ರ ಡಿಸೆಂಬರ್ 19ರಂದು. ಕೀಪರ್ ಇನ್ನೂ ಮೂರು ವರ್ಷ ಆ ಮನೆಯಲ್ಲೇ ಬದುಕಿ 1851ರಲ್ಲಿ ಸತ್ತಿತು. ಫ್ಲಾಸಿ 1854ರವರೆಗೆ ಇತ್ತು. ಮದುವೆಗೆ ಪ್ಯಾಟ್ರಿಕ್ ಸಮ್ಮತಿಸದೆ, ಷಾರ್ಲೆಟ್ ಕೂಡ ಮೊದಲು ನಿರಾಕರಿಸಿದ್ದ ಸಹಾಯಕ ಪಾದ್ರಿ ಆರ್ಥರ್ ನಿಕೋಲ್ಸ್, ಮನೆಯವರೊಡನೆ ಮಾತು ನಿಂತಿದ್ದ ದಿನಗಳಲ್ಲೂ ಫ್ಲಾಸಿಯನ್ನು ತಿರುಗಾಡಿಸುವುದನ್ನು ಬಿಟ್ಟಿರಲಿಲ್ಲ. ಆಮೇಲೆ ಆತನೇ ಅಳಿಯನಾದರು. ಆರು ಮಕ್ಕಳನ್ನೂ ಮಣ್ಣು ಮಾಡಿದ ಪ್ಯಾಟ್ರಿಕ್ ಮುಪ್ಪಿನಲ್ಲಿ ಕ್ಯಾಟೊ, ಪ್ಲೇಟೊ ಎಂಬ ಎರಡು ನಾಯಿಗಳನ್ನು ಸಾಕಿದರು. 1861ರಲ್ಲಿ ಅವರೂ ತೀರಿಕೊಂಡ ಮೇಲೆ ಮನೆಯ ಸಾಮಾನು ಹರಾಜಾಯಿತು. ಐರ್ಲೆಂಡಿನ ಬನಾಘರ್‌ಗೆ ಹಿಂತಿರುಗಿದ ನಿಕೋಲ್ಸ್ ಜೊತೆಗೆ ಪ್ಲೇಟೊವನ್ನೂ ಕರೆದುಕೊಂಡು ಹೋದರು.